ಹಳ್ಳದ ಬಾಯಿಗೆ ನಿಂತ ಗಳ

ನಾನು ಒಂದು ಬಿದಿರಿನ ಗಳ. ಈಗ ನನ್ನನ್ನು ನೋಡಿದವರು ಕೊಳೆತ ಕೋಲು ಎನ್ನಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಘಟ್ಟದ ಮೇಲಿನ ಮೆಳೆಯಲ್ಲಿ ನನ್ನಷ್ಟು ನೆಟ್ಟಗೆ ಬೆಳೆದವರು ಯಾರೂ ಇರಲಿಲ್ಲ. ಕಡಿದವರು ನನ್ನನ್ನು ಹೊಳೆಯಲ್ಲಿ ತೇಲಿಬಿಟ್ಟರು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಜಟ್ಟಪ್ಪ ಅಂಬಿಗ ನನ್ನನ್ನು ಆರಿಸಿ, ಗಂಟು ಕೆತ್ತಿ, ಹೊಗೆಯ ಮೇಲಿಟ್ಟು ಗಟ್ಟಿ ಮಾಡಿದ. ಅಂದಿನಿಂದ ನಾನು ಅವನ ದೋಣಿಯ ಗಳ.

ಅಳಿವೆಯ ಬದಿಯಲ್ಲಿ ಉಪ್ಪುನೀರಿನಲ್ಲೇ ಬೇರಿಳಿಸಿ ನಿಲ್ಲುವ ಕಾಂಡ್ಲಾ ಗಿಡಗಳ ನಡುವೆ ಒಂದು ಹಳ್ಳವಿದೆ. ಉಬ್ಬರಕ್ಕೆ ಉಪ್ಪುನೀರು ಒಳಗೆ ನುಗ್ಗುತ್ತದೆ, ಇಳಿತಕ್ಕೆ ಕೆಸರು ಬಿಟ್ಟು ಹೊರಡುತ್ತದೆ. ಅಲ್ಲಿ ಹುಟ್ಟು ಹಾಕಲು ಜಾಗವಿಲ್ಲ. ಗಳ ಊರಿಯೇ ಹೋಗಬೇಕು. ಹಳ್ಳ ನೋಡಲು ಬಂದವರನ್ನು ಜಟ್ಟಪ್ಪ ಕೂರಿಸಿಕೊಂಡು, "ಮಾತು ದಡದಲ್ಲೇ ಬಿಟ್ಟು ಬನ್ನಿ" ಎನ್ನುತ್ತಿದ್ದ. ಮೊದಲ ತಿರುವಿನವರೆಗೆ ಅವರು ಪಿಸುಗುಡುತ್ತಿದ್ದರು. ಬೇರಿನ ಮೇಲೆ ಏಡಿ ಹತ್ತುವ ಸದ್ದು ಕೇಳಿಸತೊಡಗಿದ ಮೇಲೆ ತಾವಾಗಿಯೇ ಸುಮ್ಮನಾಗುತ್ತಿದ್ದರು. ಎಷ್ಟು ದೊಡ್ಡ ಮನುಷ್ಯರಾದರೂ ನನ್ನ ಬುಡದ ಕೆಸರು ಅವರ ಬಟ್ಟೆಗೆ ಹಾರುತ್ತಿತ್ತು. ಅದು ನನಗೆ ಸ್ವಲ್ಪ ಖುಷಿಯ ವಿಷಯವೇ.

ನವರಾತ್ರಿ ಮುಗಿದ ಮರುದಿನ ಮಾತ್ರ ನನಗೆ ಕೆಟ್ಟ ದಿನ. ಅಂದಿನಿಂದ ಕಾರ್ತಿಕದ ಹುಣ್ಣಿಮೆಯ ತನಕ ಹಳ್ಳಕ್ಕೆ ಕಟ್ಟು. ಸಿಗಡಿ ಮರಿಗಳು ಒಳಗೆ ಬಂದು ಬೆಳೆಯುವ ಸಮಯ, ಯಾರೂ ಹೋಗುವಂತಿಲ್ಲ. ಹಳ್ಳ ಕಾಯುವವನು, ಅಂದರೆ ಜಟ್ಟಪ್ಪ, ತನ್ನ ಸ್ವಂತ ಗಳವನ್ನೇ ಅದರ ಬಾಯಲ್ಲಿ ನೆಟ್ಟು, ತುದಿಗೆ ಬಿಳಿ ಬಟ್ಟೆ ಕಟ್ಟಬೇಕು. ಮೊದಲು ತನ್ನ ದಾರಿ ಮುಚ್ಚಿಕೊಂಡು ಆಮೇಲೆ ಬೇರೆಯವರನ್ನು ತಡೆಯಬೇಕು ಎಂಬುದು ಕೇರಿಯವರ ಲೆಕ್ಕ. ಓಡಾಡುವ ನನ್ನನ್ನು ಕಂಬ ಮಾಡಿದ್ದಕ್ಕೆ ನನಗೆ ಪ್ರತಿ ವರ್ಷವೂ ಸಿಟ್ಟು ಬರುತ್ತಿತ್ತು.

ಜಟ್ಟಪ್ಪ ತೀರಿಕೊಂಡದ್ದು ಕಟ್ಟಿನ ದಿನಗಳಲ್ಲಿ. ನಾನು ನೀರಿನ ನಡುವೆ ನಿಂತಿದ್ದೆ, ದಡದಲ್ಲಿ ಹೊಗೆ ಏಳುವುದು ಕಂಡಿತು. ಅವನ ಅಂಗೈ ಉಜ್ಜಿ ಉಜ್ಜಿ ನುಣುಪಾದ ನನ್ನ ಮೈ ಅಂದು ಬರೀ ಗಾಳಿಗೆ ಒಡ್ಡಿಕೊಂಡಿತ್ತು. ನನಗೆ ದುಃಖವಾಯಿತು. ಬಿದಿರಿಗೆಂಥ ದುಃಖ ಎಂದು ಕೇಳುವವರು ಕೇಳಲಿ.

ಬೂದಿಯನ್ನು ಹಳ್ಳದ ಒಳಗೆ, ದೊಡ್ಡ ತಿರುವಿನಲ್ಲಿ ಬಿಡಬೇಕೆಂದು ಅವನು ಮಗಳು ಹೊನ್ನಿಗೆ ಹೇಳಿದ್ದ. ಮೂರನೆಯ ದಿನ ಅವಳು ಪುಟ್ಟ ಮಡಕೆ ಹಿಡಿದು ದೋಣಿಯಲ್ಲಿ ನನ್ನ ಹತ್ತಿರ ಬಂದಳು. ಜೊತೆಗೆ ಕೇರಿಯ ಹಿರಿಯ ಗೋಯ್ದಣ್ಣ ಇದ್ದ.

"ಕಟ್ಟು ಮುರಿದಂಗೆ ಆಗೂದಿಲ್ಲ ಮಗಾ. ನನ್ನ ಗಳ ತಕ್ಕೋ, ಒಂದೇ ಸಲ ಹೋಗಿ ಬಾ" ಎಂದ ಗೋಯ್ದಣ್ಣ.

ಸ್ವಲ್ಪ ದೂರದಲ್ಲಿ ಪ್ರಭಾಕರನ ಮೋಟಾರು ದೋಣಿ ನಿಂತಿತ್ತು. ಪಟ್ಟಣದವನು, ಕಟ್ಟಿನ ದಿನಗಳಲ್ಲೂ ಪ್ರವಾಸಿಗರನ್ನು ಹಳ್ಳದೊಳಗೆ ಕರೆದೊಯ್ಯಲು ಎರಡು ವರ್ಷದಿಂದ ಕಾಯುತ್ತಿದ್ದವನು. ಅವನೂ ಮೆತ್ತಗೆ ಹೇಳಿದ: "ಅಪ್ಪನ ಕೆಲಸ ಅಲ್ವಾ ಹೊನ್ನಕ್ಕ, ಹೋಗಿ. ಯಾರು ಬೇಡ ಅಂತಾರೆ?"

ಹೊನ್ನಿ ಅವನ ದೋಣಿಯ ಎಂಜಿನ್ನನ್ನೇ ನೋಡುತ್ತ ಕೂತಳು. ಇಂದು ಅವಳು ಹೋದರೆ ನಾಳೆ ಅವನನ್ನು ತಡೆಯುವ ಬಾಯಿ ಯಾರಿಗೂ ಇರುವುದಿಲ್ಲ. ಹೋಗದಿದ್ದರೆ ಅಪ್ಪನ ಕೊನೆಯ ಮಾತು ಉಳಿದುಹೋಗುತ್ತದೆ.

"ಕಟ್ಟು ಹಾಕಿದವ ಅಪ್ಪನೇ, ಗೋಯ್ದಣ್ಣ. ಅವಂಗೂ ಅದು ಕಟ್ಟೇ."

"ಹಂಗಾರೆ ಮಡಕೆ ಎಲ್ಲಿಡ್ತೆ? ಮನೆ ಒಳಗೆ ತರೂಕಿಲ್ಲ."

ಅವಳು ಎದ್ದು ನಿಂತು, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಹಗ್ಗ ಸುತ್ತಿ, ನನ್ನ ಹೆಗಲಿಗೆ ತೂಗುಹಾಕಿದಳು. ಆಮೇಲೆ ಅಲ್ಲಿಯೇ ಕೂತು ಅತ್ತಳು. ಪ್ರಭಾಕರ ದೋಣಿ ತಿರುಗಿಸಿಕೊಂಡು ಹೋದ.

ಹುಣ್ಣಿಮೆಯ ತನಕ ನಾನು ಜಟ್ಟಪ್ಪನನ್ನು ಹೊತ್ತು ನಿಂತೆ. ಅವನು ಬದುಕಿದ್ದಾಗ ನನ್ನನ್ನು ಹೊತ್ತಿದ್ದ. ಬದುಕಿನಲ್ಲಿ ಮೊದಲ ಬಾರಿಗೆ ಕಂಬವಾಗಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಒಂದು ದಿನ ಪ್ರಭಾಕರ ಜನರನ್ನು ತುಂಬಿಕೊಂಡು ಬಂದ. ಮಡಕೆ ಇನ್ನೂ ಅಲ್ಲೇ ಇರುವುದು ಕಂಡು ಎಂಜಿನ್ ನಿಲ್ಲಿಸಿದ. ಯಾರೋ ಏನದು ಎಂದು ಕೇಳಿದರು. "ಇಲ್ಲಿಂದ ಮುಂದೆ ಹೋಗೋ ಹಾಗಿಲ್ಲ" ಎಂದಷ್ಟೇ ಹೇಳಿ ಹಿಂದಿರುಗಿದ. ಮತ್ತೆ ಆ ಕಡೆ ಅವನು ಬರಲಿಲ್ಲ.

ಕಟ್ಟು ಬಿಡಿಸಿದ ಬೆಳಿಗ್ಗೆ ಹೊನ್ನಿ ನನ್ನನ್ನು ಕಿತ್ತಳು. ಮಡಕೆಯನ್ನು ಮಡಿಲಲ್ಲಿಟ್ಟುಕೊಂಡ ಗೋಯ್ದಣ್ಣ ಮುಂದೆ ಕೂತ. ನನ್ನನ್ನು ಊರುತ್ತ ಅವಳು ಒಳಗೆ ಹೋದಳು. ದೋಣಿಯ ಎರಡೂ ಬದಿಗೆ ಸಿಗಡಿಗಳು ಚಿಮ್ಮುತ್ತಿದ್ದವು. ದೊಡ್ಡ ತಿರುವಿನಲ್ಲಿ ಅವಳು ಅಪ್ಪನನ್ನು ನೀರಿಗೆ ಬಿಟ್ಟಳು. ಇಳಿತವಿತ್ತು, ಬೂದಿ ನಿಧಾನವಾಗಿ ನಮ್ಮ ಜೊತೆಯೇ ಹೊರಟಿತು.

ಮುಂದೆ ಕೆಲವು ವರ್ಷ ಅವಳ ಕೈಯಲ್ಲಿ ದುಡಿದೆ. ಆಮೇಲೆ ನನ್ನ ಮೈ ಸೀಳು ಬಿಟ್ಟಿತು. ಒಲೆಗೆ ಹಾಕುತ್ತಾಳೆಂದುಕೊಂಡಿದ್ದೆ. ಅವಳು ನನ್ನನ್ನು ಹಳ್ಳದ ಬಾಯಲ್ಲೇ ಆಳವಾಗಿ ಊರಿ ಬಿಟ್ಟಳು. ಈಗ ನನ್ನ ಮೈತುಂಬ ಚಿಪ್ಪು ಅಂಟಿದೆ, ಬುಡದಲ್ಲಿ ಒಂದು ಕಾಂಡ್ಲಾ ಸಸಿ ಬೇರು ಬಿಟ್ಟಿದೆ. ನವರಾತ್ರಿ ಮುಗಿದ ಮರುದಿನ ಹೊನ್ನಿ ಬಂದು ತನ್ನ ಹೊಸ ಗಳವನ್ನು ನನ್ನ ಪಕ್ಕದಲ್ಲಿ ನೆಡುತ್ತಾಳೆ. ಆ ಹೊಸ ಗಳಕ್ಕೂ ಸಿಟ್ಟು ಬರುತ್ತದೆ, ನನಗೆ ಗೊತ್ತಾಗುತ್ತದೆ.

ಕಟ್ಟಿನ ದಿನಗಳಲ್ಲಿ ದೂರದಿಂದ ಬಂದವರು ಗೊಣಗುತ್ತಾರೆ, ಎಷ್ಟು ದಿನ ಕಾಯಬೇಕು ಎಂದು ಕೇಳುತ್ತಾರೆ. ಹೊನ್ನಿ ನನ್ನ ಮೇಲೆ ಕೈಯಿಟ್ಟು ದೋಣಿ ನಿಲ್ಲಿಸುತ್ತಾಳೆ.

"ಹುಣ್ಣಿಮೆ ತನಕ" ಎನ್ನುತ್ತಾಳೆ. "ನಮ್ಮ ಅಪ್ಪನೂ ಇಲ್ಲೇ ಕಾದಿದ್ದ."