ಹನ್ನೆರಡನೆಯ ಮಾದರಿ

ಧೂಳಿನ ವಿಜ್ಞಾನಿಗೆ ಶಿಷ್ಯರು ಇಟ್ಟಿದ್ದ ಹೆಸರು ‘ಆದರೆ ಮೇಷ್ಟ್ರು’. ಬೆಳಗಾಯಿತೇ ಎಂದು ಕೇಳಿದರೂ ‘ಆದಂತಿದೆ, ಆದರೆ...’ ಎನ್ನುವ ಆಸಾಮಿ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಬೇರೆಯವರಲ್ಲಿ ಜಾಣತನ. ಇವರಲ್ಲಿ ಅದು ನಿಜಕ್ಕೂ ಪ್ರಾಮಾಣಿಕತೆಯೇ ಆಗಿತ್ತು. ಹನ್ನೆರಡು ಮಾದರಿ ಕೈಗೆ ಬರುವತನಕ ಯಾವುದನ್ನೂ ಸತ್ಯ ಎನ್ನಬಾರದು ಎಂಬುದು ಅವರೇ ಹಾಕಿಕೊಂಡಿದ್ದ ನಿಯಮ. ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅವರ ಅಕ್ಕನ ಮನೆ, ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕಾರ್ಖಾನೆಯ ಹಿಂದಿನ ಓಣಿಯಲ್ಲಿತ್ತು. ಹೊಲಿಗೆ ಮಷೀನು ತುಳಿದು ತಮ್ಮನನ್ನು ಓದಿಸಿದವಳು. ಈಗ ನಾಲ್ಕು ವರ್ಷದ ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದಳು. ಮೂರು ತಿಂಗಳಿಗೊಮ್ಮೆ ಮೇಷ್ಟ್ರು ಅಲ್ಲಿಗೆ ಹೋಗಿ, ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿದ ಚೌಕಟ್ಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರೊಳಗಿನ ಧೂಳನ್ನು ಒದ್ದೆ ಹತ್ತಿಯಿಂದ ಒರೆಸಿ ಪುಟ್ಟ ಬಾಟಲಿಗೆ ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಮೊದಲು ಒಂದು ವಾರ ಕಟ್ಟೆಯನ್ನು ಯಾರೂ ಒರೆಸಕೂಡದು.

“ಮಗು ಅಲ್ಲೇ ಕೂತು ತಿನ್ನುತ್ತೆ ಕಣೋ. ಒಂದು ಸಲ ಬಟ್ಟೆ ಆಡಿಸಿಬಿಡ್ಲಾ?” ಎಂದು ಅಕ್ಕ ಕೇಳುತ್ತಿದ್ದಳು.

“ಬೇಡ ಅಕ್ಕ, ಲೆಕ್ಕ ಕೆಡುತ್ತೆ.”

ತಮ್ಮ ಓದಿದವನು. ಅಕ್ಕ ಒರೆಸಲಿಲ್ಲ.

ಹೀಗೆ ಹನ್ನೊಂದು ಮಾದರಿಗಳಾದವು. ಹನ್ನೊಂದರಲ್ಲೂ ಸೀಸ ಇರಬಾರದಷ್ಟು ಇತ್ತು. ಅಷ್ಟರಲ್ಲಿ, ಇಂಥ ಕಾರ್ಖಾನೆಗಳು ವರ್ಷದೊಳಗೆ ಚಿಮಣಿಗೆ ಫಿಲ್ಟರ್ ಹಾಕಲೇಬೇಕು ಎಂಬ ಕರಡು ನಿಯಮ ಸರ್ಕಾರದಿಂದ ಹೊರಬಿತ್ತು, ಅದರ ವಿಚಾರಣೆಗೆ ಒಂದು ಸಮಿತಿಯೂ ನೇಮಕವಾಯಿತು. ಅದರ ಬೆನ್ನಿಗೇ ಮಾಲೀಕರ ಸಂಘದ ವಕ್ತಾರ ಮೇಷ್ಟ್ರನ್ನು ಹುಡುಕಿಕೊಂಡು ಬಂದ. ಅವರದೇ ಹಳೆಯ ಶಿಷ್ಯ. ಮೇಷ್ಟ್ರ ಒಂದು ಕಾಲದ ಪ್ರಯೋಗಾಲಯದಲ್ಲಿ ಈಗ ವಿಭಾಗದವರು ಮುರಿದ ಕುರ್ಚಿಗಳನ್ನು ಪೇರಿಸಿದ್ದರು. ಅವುಗಳ ನಡುವೆ ಅವನು ಕೈಕಟ್ಟಿ ನಿಂತ.

“ಸರ್, ನೀವು ಸುಳ್ಳು ಹೇಳೋದು ಬೇಡ. ಸುಳ್ಳು ಹೇಳೋರು ನಮಗೆ ಬೇಕಾದಷ್ಟು ಜನ ಸಿಗ್ತಾರೆ. ನೀವು ಕ್ಲಾಸಲ್ಲಿ ಹೇಳ್ತಿದ್ದದ್ದನ್ನೇ ಸಮಿತಿ ಮುಂದೆ ಹೇಳಿ, ಸಾಕು.”

“ಏನಪ್ಪಾ ಹೇಳ್ತಿದ್ದೆ?”

“ಇನ್ನಷ್ಟು ಅಧ್ಯಯನ ಆಗಬೇಕು ಅಂತ.” ಅವನು ಕುರ್ಚಿಗಳ ರಾಶಿಯತ್ತ ನೋಡಿದ. “ಆ ಅಧ್ಯಯನಾನೂ ನೀವೇ ಮಾಡಿ ಸರ್. ಲ್ಯಾಬು, ಹೊಸ ಮಷೀನು, ಐದು ವರ್ಷ ಟೈಮು. ಎಲ್ಲಾ ನಾವು ನೋಡ್ಕೋತೀವಿ.”

ಮೇಷ್ಟ್ರ ಬಾಯಲ್ಲಿ ನೀರೂರಿತು. ದಡ್ಡರೇನಲ್ಲ, ಗಾಳ ಕಾಣಿಸಿತ್ತು. ಆದರೆ ಗಾಳಕ್ಕೆ ಸಿಕ್ಕಿಸಿದ್ದು ಅವರದೇ ಮಾತು! ತನ್ನ ಮಾತನ್ನು ತಾನೇ ಆಡಿದರೆ ಯಾವ ಪಾಪ ಎಂದುಕೊಂಡರು. ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳಿಗೆ ಹನ್ನೆರಡು ಮಾದರಿ ಕೇಳುವುದಿಲ್ಲ. ಒಂದು ಕಪ್ ಟೀ ಮುಗಿಯುವುದರೊಳಗೆ ಒಪ್ಪಿಕೊಂಡರು.

ವಿಚಾರಣೆಯ ದಿನ ಸಭಾಂಗಣದ ಕೊನೆಯ ಬೆಂಚಿನಲ್ಲಿ ಓಣಿಯ ಹೆಂಗಸರ ಜೊತೆ ಅಕ್ಕ ಕೂತಿದ್ದಳು. ‘ಅವನೇ ನನ್ನ ತಮ್ಮ’ ಎಂದು ಪಕ್ಕದವಳಿಗೆ ತೋರಿಸುತ್ತಿದ್ದುದು ಮೇಷ್ಟ್ರಿಗೂ ಕಂಡಿತು.

“ಈ ಧೂಳು ಕಾರ್ಖಾನೆಯಿಂದಲೇ ಬಂತು ಅಂತ ಖಚಿತವಾಗಿ ಹೇಳ್ತೀರಾ?” ಅಧ್ಯಕ್ಷರು ಕೇಳಿದರು.

“ಹನ್ನೊಂದು ಮಾದರಿ ಇವೆ. ಸೀಸ ಜಾಸ್ತಿನೇ ಇದೆ. ಆದರೆ...” ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿಯಾದ ಮೇಲೂ ಕೊನೆಯ ಬೆಂಚಿನ ಕಡೆ ನೋಡಲಿಲ್ಲ. “ಹನ್ನೆರಡಾದರೂ ಇಲ್ಲದೆ ಹೇಳೋಕಾಗಲ್ಲ. ಇನ್ನಷ್ಟು ಅಧ್ಯಯನ ಆಗಬೇಕು.”

ಗುಮಾಸ್ತ ಬರೆದುಕೊಂಡದ್ದು ಕೊನೆಯ ವಾಕ್ಯವೊಂದನ್ನೇ. ಊಟದ ಹೊತ್ತಿಗೆ ತೀರ್ಮಾನ ಬಂತು: ಅಧ್ಯಯನ ಮುಗಿಯುವವರೆಗೆ, ಎಂದರೆ ಐದು ವರ್ಷ, ನಿಯಮವನ್ನು ತಡೆಹಿಡಿಯಲಾಗಿದೆ. ವಕ್ತಾರ ಹಲ್ಲು ಕಿರಿಯಲೂ ಇಲ್ಲ. ಫೋನ್ ಕಿವಿಗಿಟ್ಟುಕೊಂಡು ಹೊರಗೆ ನಡೆದ.

ಅಕ್ಕ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದು ಕೊಟ್ಟಳು. ಮೊಮ್ಮಗಳ ರಕ್ತದಲ್ಲಿ ಸೀಸ ಎಷ್ಟಿದೆ ಎಂಬ ಪರೀಕ್ಷೆಯ ಚೀಟಿ.

“ಮೊನ್ನೆ ಬಂತು. ಹೇಗೂ ಸಭೇಲಿ ನೀನು ನಮ್ಮ ಪರ ಹೇಳ್ತೀಯಲ್ಲ, ಆಮೇಲೆ ತೋರಿಸಿದ್ರಾಯ್ತು ಅಂತ ಇಟ್ಕೊಂಡಿದ್ದೆ. ಹನ್ನೆರಡು ಬೇಕಂತಲ್ಲ, ಇದನ್ನೂ ಸೇರಿಸ್ಕೋ.”

ಮೇಷ್ಟ್ರು ಅಂಕಿ ಓದಿದರು. ಧೂಳಿನ ಅಂಕಿಗಳಿಗಿಂತ ಈ ಅಂಕಿಯ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದರ ಮುಂದೆ ‘ಆದರೆ’ ಎನ್ನಲು ಏನೂ ಇರಲಿಲ್ಲ.

“ಅಕ್ಕ, ನಾನು ಸುಳ್ಳು ಹೇಳಲಿಲ್ಲ.”

“ಇಲ್ಲ ಕಣೋ,” ಎಂದಳು ಅಕ್ಕ, ಪಕ್ಕದ ಕಂಬಿ ಹಿಡಿದು ಮೆಟ್ಟಿಲಿಳಿಯುತ್ತ. “ನೀನು ಸುಳ್ಳು ಹೇಳಲಿಲ್ಲ. ನಾನು ಕಟ್ಟೆ ಒರೆಸಲಿಲ್ಲ.”