ತಣ್ಣೀರ ಹೊಳೆಯ ಕೊನೆಯ ಮೀನು

ಅಲ್ ಐನ್ ಪಟ್ಟಣದ ಹೊರಗೆ, ಖರ್ಜೂರದ ತೋಟಗಳು ಮುಗಿದು ಬರಿಯ ಮರಳು ಮೊದಲಾಗುವಲ್ಲಿ, ಒಂದು ಹೊಳೆ ಇತ್ತು. ದೇವರು ಮಾಡಿದ ಹೊಳೆಯಲ್ಲ. ಒಬ್ಬ ಮನುಷ್ಯನ ಹಟವೂ ಒಂದು ದೊಡ್ಡ ಚಿಲ್ಲರ್ ಯಂತ್ರವೂ ಸೇರಿ ಮಾಡಿದ ಹೊಳೆ. ಮೇಲಿನ ಕೊಳದಿಂದ ಹೊರಟ ನೀರು ಕಲ್ಲುಗಳ ನಡುವೆ ಸದ್ದು ಮಾಡುತ್ತ ಇಳಿದು ಕೆಳಗಿನ ಕೊಳವನ್ನು ಸೇರುತ್ತಿತ್ತು; ಅಲ್ಲಿಂದ ಕೊಳವೆಯಲ್ಲಿ ಮಾಯವಾಗಿ, ಯಂತ್ರದ ಹೊಟ್ಟೆಯಲ್ಲಿ ತಣ್ಣಗಾಗಿ, ಮತ್ತೆ ಮೇಲಕ್ಕೆ ಬರುತ್ತಿತ್ತು. ತಲೆಯ ಮೇಲೆ ನೆರಳಿನ ಬಲೆ, ಎರಡು ದಡಗಳಲ್ಲೂ ಹುಲ್ಲು. ಹುಲ್ಲಿನಾಚೆ ಒಂದು ಹೆಜ್ಜೆ ಇಟ್ಟರೆ ಕಾದ ಮರಳು.

ಹಟ ಹಿಡಿದವರು ತೋಟದ ಯಜಮಾನರು. ಎಲ್ಲರೂ ಅವರನ್ನು ಅರ್ಬಾಬ್ ಎನ್ನುತ್ತಿದ್ದರು. ಬೇಸಗೆ ಕಳೆಯಲೆಂದು ಬೋಸ್ನಿಯಾಕ್ಕೆ ಹೋದವರು, ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು, ಕೊಕ್ಕೆಗೆ ಗರಿ ಸುತ್ತಿ ಮಾಡಿದ ಹುಸಿನೊಣವನ್ನು ಉದ್ದನೆಯ ಕೋಲಿನಿಂದ ಬೀಸಿ, ಟ್ರೌಟ್ ಮತ್ತು ಗ್ರೇಲಿಂಗ್ ಎಂಬ ಮೀನುಗಳನ್ನು ಹಿಡಿಯುವ ವಿದ್ಯೆಯನ್ನು ಅಲ್ಲಿ ಕಲಿತು ಬಂದರು. ಕಾಲುಗಳು ಸೋತು ಪ್ರಯಾಣ ಸಾಧ್ಯವಾಗದೆ ಹೋದಾಗ ಹೊಳೆಯನ್ನೇ ಮನೆಯ ಬಾಗಿಲಿಗೆ ತರಿಸಿದರು.

ಆ ಹೊಳೆಯನ್ನು ತಣ್ಣಗಿಡುವ ಕೆಲಸ ಗಂಗೊಳ್ಳಿಯ ಗೇಬ್ರಿಯಲ್ ರೆಬೆಲ್ಲೊನದು. ಚಿಲ್ಲರ್ ಮೆಕ್ಯಾನಿಕ್ ಆಗಿ ಬಂದವನು ಬರಬರುತ್ತ ಮೀನುಗಳ ಪಾಲಕನೂ ಆದ. ಚಳಿಗಾಲದ ಸಂಜೆಗಳಲ್ಲಿ ಅರ್ಬಾಬ್ ಗಾಲಿಕುರ್ಚಿಯಲ್ಲಿ ಕುಳಿತು ಕೋಲು ಬೀಸುತ್ತಿದ್ದರು. ಗೇಬ್ರಿಯಲ್ ಪಕ್ಕದಲ್ಲಿ ನಿಂತಿರುತ್ತಿದ್ದ. ಸಿಕ್ಕ ಮೀನಿನ ಬಾಯಿಂದ ಕೊಕ್ಕೆಯನ್ನು ನೀರಿನೊಳಗೇ ಬಿಡಿಸಿ ಮತ್ತೆ ಹೊಳೆಗೇ ಬಿಡಬೇಕು. ಕಡಲಿನಿಂದ ಮೇಲೆದ್ದ ಮೀನಿಗೆ ಬಾಣಲೆಯೊಂದೇ ದಾರಿ ಎಂದು ನಂಬಿ ಬೆಳೆದ ಗಂಗೊಳ್ಳಿಯವನಿಗೆ ಇದು ಮೊದಮೊದಲು ಹುಚ್ಚಾಟವೆನಿಸಿತ್ತು. ಆಮೇಲೆ ಅಭ್ಯಾಸವಾಯಿತು. ಇಬ್ಬರ ನಡುವೆ ಮಾತು ಕಡಿಮೆ. ಒಬ್ಬರ ಅರಬ್ಬಿ ಇನ್ನೊಬ್ಬನಿಗೆ ಅರ್ಧವೇ ತಿಳಿಯುತ್ತಿತ್ತು. ಆದರೂ ಒಂದು ಸಂಜೆಯನ್ನು ಕಳೆಯಲು ಅಷ್ಟು ಸಾಕಾಗುತ್ತಿತ್ತು.

ಅರ್ಬಾಬ್ ತೀರಿಕೊಂಡರು. ಅಬುಧಾಬಿಯಲ್ಲಿದ್ದ ಮಕ್ಕಳಿಗೆ ಹೊಳೆ ಬೇಕಿರಲಿಲ್ಲ. ಅಡುಗೆಯವನೂ ತೋಟದ ಆಳುಗಳೂ ಬೇರೆ ಕಡೆ ಹೋದರು. ಕೊನೆಗೆ ಮ್ಯಾನೇಜರ್ ಫೋನಿನಲ್ಲಿ ಗೇಬ್ರಿಯಲ್‌ಗೂ ಹೇಳಿದ: ನಾಳೆ ಬೆಳಿಗ್ಗೆ ಯಂತ್ರ ಬಿಚ್ಚುವವರು ಬರುತ್ತಾರೆ. ಮೀನುಗಳನ್ನು ದುಬೈ ಬಳಿಯ ಒಂದು ಸಾಕಣೆಯ ಶೆಡ್ಡಿಗೆ ಕೊಟ್ಟಾಗಿದೆ. ಇಂದು ಸಂಜೆ ಲಾರಿ ಬರುತ್ತದೆ. ಗೇಬ್ರಿಯಲ್‌ಗೆ ಮುಂದಿನ ಕೆಲಸ ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ಮಲಗಲು ಇಂಟರ್‌ನ್ಯಾಷನಲ್ ಸಿಟಿಯ ಹಂಚಿಕೆಯ ಕೋಣೆಯಲ್ಲಿ ಒಂದು ಮಂಚ.

ಲಾರಿ ತಂದವನು ಭಟ್ಕಳದ ಅರ್ಶದ್. ಮೀನಿನ ಆಹಾರ ತರುತ್ತಿದ್ದವನೂ ಅವನೇ ಆದ್ದರಿಂದ ಹಳೆಯ ಪರಿಚಯ. ಗೇಬ್ರಿಯಲ್‌ನ ಕೊಂಕಣಿ, ಅರ್ಶದನ ನವಾಯತಿ ಒಂದಕ್ಕೊಂದು ದೂರದ ನೆಂಟರಾದರೂ ಜಗಳವಾಡಲು ಇಬ್ಬರಿಗೂ ಕನ್ನಡವೇ ಅನುಕೂಲ. ಕರಾವಳಿಯ ರೂಢಿಯಂತೆ ಕ್ರೈಸ್ತನಾದ ಇವನು ಅವನಿಗೆ ‘ಪೊರ್ಬು’, ಮುಸಲ್ಮಾನನಾದ ಅವನು ಇವನಿಗೆ ‘ಸಾಯ್ಬ’.

“ಪೊರ್ಬುಗಳೇ, ಮೀನಿಗೆ ಎ.ಸಿ. ಹಾಕಿ ಸಾಕಿದ್ದು ನೀವೊಬ್ಬರೇ ನೋಡಿ,” ಎಂದು ಅವನು ಬಲೆ ಇಳಿಸುತ್ತಲೇ ಶುರುಮಾಡಿದ. “ನಮ್ಮ ರೂಮಲ್ಲಿ ಎಂಟು ಜನ. ಅದರ ಎ.ಸಿ. ಕೆಟ್ಟು ತಿಂಗಳಾಯ್ತು.”

“ನೀನೂ ಈ ಕೊಳಕ್ಕೆ ಬಾ ಸಾಯ್ಬ. ಆಹಾರ ನಾನೇ ಹಾಕ್ತೇನೆ.”

ಇಬ್ಬರೂ ಸೇರಿ ಮೇಲಿನ ಕೊಳದಲ್ಲಿ ಬಲೆ ಎಳೆದರು, ಕೆಳಗಿನದರಲ್ಲೂ ಎಳೆದರು. ಮಂಕರಿಗಳಲ್ಲಿ ಒದ್ದಾಡುತ್ತ ಟ್ರೌಟ್‌ಗಳು ಲಾರಿಯ ಟ್ಯಾಂಕು ಸೇರಿದವು. ಆಮ್ಲಜನಕದ ಸಿಲಿಂಡರಿನ ಕೊಳವೆ ನೀರಿನೊಳಗೆ ಗುಳುಗುಳು ಎನ್ನತೊಡಗಿತು. ಅರ್ಶದ್ ಕೈ ಒರೆಸಿಕೊಂಡ.

“ಖಲಾಸ್?”

“ಇನ್ನೊಂದು ಉಂಟು.”

ಎರಡು ಕೊಳಗಳ ನಡುವೆ, ಕಲ್ಲುಗಳಲ್ಲಿ ನೀರು ಬಿರುಸಾಗಿ ಇಳಿಯುವ ಕಡೆ, ಒಂದು ಗ್ರೇಲಿಂಗ್ ಇತ್ತು. ಬೂದುಬಣ್ಣದ ಮೈ, ಬೆನ್ನ ಮೇಲೆ ದೋಣಿಯ ಹಾಯಿಯಂತೆ ಎದ್ದು ನಿಲ್ಲುವ ರೆಕ್ಕೆ. ಗೇಬ್ರಿಯಲ್ ಅದನ್ನು ಹಾಯಿಮೀನು ಎನ್ನುತ್ತಿದ್ದ. ಮೊದಲು ಅವು ಒಂದು ಹಿಂಡೇ ಇದ್ದವು. ಕಳೆದ ಬೇಸಗೆಯ ಒಂದು ಮಧ್ಯಾಹ್ನ ಕರೆಂಟು ಹೋಗಿ ನೀರು ಕಾಯತೊಡಗಿದಾಗ ಅವಸರದಲ್ಲಿ ಬಲೆ ಹಾಕಿ ಎತ್ತಿದರು. ಟ್ರೌಟ್‌ಗಳು ತಡೆದುಕೊಂಡವು. ಗ್ರೇಲಿಂಗ್‌ಗಳ ಹುರುಪೆ ಬಲೆಗೆ ಅಂಟಿ ಸುಲಿದು, ಒಂದೊಂದಾಗಿ ಹೊಟ್ಟೆ ಮೇಲಾದವು. ಉಳಿದ ಈ ಒಂದನ್ನು ಗೇಬ್ರಿಯಲ್ ಐಸಿನ ನೀರಿನಲ್ಲಿ ಎರಡೂ ಕೈಗಳಿಂದ ನೆಟ್ಟಗೆ ಹಿಡಿದು, ಕೈ ಮರಗಟ್ಟುವವರೆಗೆ ಕುಳಿತಿದ್ದ. ಸಂಜೆಯ ಹೊತ್ತಿಗೆ ಅದು ಬಾಲ ಬಡಿದು ಕೈಯಿಂದ ಜಾರಿಹೋಯಿತು. ಅಂದಿನಿಂದ ಅದು ಟ್ರೌಟ್‌ಗಳ ಗುಂಪಿಗೆ ಸೇರದೆ, ತನ್ನವರೂ ಇಲ್ಲದೆ, ಆ ಬಿರುಸು ನೀರಿನಲ್ಲಿ ಒಂದೇ ನಿಲ್ಲುತ್ತಿತ್ತು. ಆಳುಗಳೂ ಹೋದ ಮೇಲೆ ಗೇಬ್ರಿಯಲ್ ದಿನವೂ ಅಲ್ಲಿ ಹೋಗಿ ಕೂರುತ್ತಿದ್ದ. ಊರಿನಲ್ಲಿರುವ ಹೆಂಡತಿ ರೊಸಲಿನ್‌ಳೊಡನೆ ಫೋನಿನ ಮಾತು ‘ಊಟವಾಯಿತೆ’ ಎಂಬಲ್ಲಿಗೆ ಬಂದು ನಿಂತಿತ್ತು. ಮೀನಿಗೆ ಹೇಳುವ ಮಾತು ಅದಕ್ಕಿಂತ ತುಸು ಉದ್ದವಿರುತ್ತಿತ್ತು.

“ಬಲೆ ಹಾಕುವ,” ಎಂದ ಅರ್ಶದ್.

“ಬಲೆ ಹಾಕಿದ್ರೆ ಸಾಯ್ತದೆ.”

“ನೀರು ಖಾಲಿ ಮಾಡುವ. ಕೈಯಲ್ಲೇ ಹೆಕ್ಕುವ.”

“ಕೆಸರೆದ್ದು ಕಿವಿರು ಕಟ್ಟಿ ಸಾಯ್ತದೆ. ಅರ್ಬಾಬ್ ಹಿಡಿದ ಹಾಗೆ ಹಿಡಿಯಬೇಕು. ಕೋಲಲ್ಲಿ.”

“ನಿಮಗೆ ಬರ್ತದಾ?”

“ನೋಡಿ ಗೊತ್ತುಂಟು.”

“ವಿಮಾನ ನಾನೂ ನೋಡಿದ್ದೇನೆ,” ಎಂದ ಅರ್ಶದ್. ಆಮೇಲೆ ಟ್ಯಾಂಕಿನ ಕಡೆ ತಿರುಗಿ, “ಪೊರ್ಬುಗಳೇ, ಸಿಲಿಂಡರು ದುಬೈ ಮುಟ್ಟಿ ತುಸು ಮಿಗುವಷ್ಟೇ ಉಂಟು. ಹೊತ್ತು ಮುಳುಗುವವರೆಗೆ ಕಾಯ್ತೇನೆ. ಮತ್ತೆ ನನ್ನನ್ನು ಬೈಯಬೇಡಿ,” ಎಂದು ಹುಲ್ಲಿನ ಮೇಲೆ ಕಾಲುಚಾಚಿ ಕುಳಿತ.

ಗೇಬ್ರಿಯಲ್ ಅರ್ಬಾಬರ ಕೋಲನ್ನು ತಂದ. ಬೇರೆಯವರ ಚಪ್ಪಲಿಯಲ್ಲಿ ಕಾಲಿಟ್ಟಂತೆ ಸಂಕೋಚವಾಯಿತು. ಸಾಸಿವೆಗಿಂತ ತುಸು ದೊಡ್ಡದಾದ ಒಂದು ಕಪ್ಪು ಹುಸಿನೊಣವನ್ನು ದಾರದ ತುದಿಯ ಕೂದಲೆಳೆಗೆ ಕಟ್ಟಿ, ನೀರಿಗಿಳಿದು ಬೀಸಿದ. ದಾರ ಬೆನ್ನಿಗೆ ಸುತ್ತಿಕೊಂಡಿತು. ಮತ್ತೆ ಬೀಸಿದ, ನೆರಳಿನ ಬಲೆಗೆ ಸಿಕ್ಕಿಕೊಂಡಿತು.

“ಮೇಲೆ ಎಂತ ಹಿಡಿಯುದು, ಕಾಗೆಯಾ?”

ಗೇಬ್ರಿಯಲ್ ದಾರ ಬಿಡಿಸಿಕೊಂಡ. ಅರ್ಬಾಬರ ಮುಂಗೈ ಹೇಗೆ ಹಿಂದಕ್ಕೆ ಹೋಗಿ, ಒಂದು ಉಸಿರು ತಡೆದು, ಮುಂದಕ್ಕೆ ಬರುತ್ತಿತ್ತೆಂಬುದನ್ನು ನೆನಪು ಮಾಡಿಕೊಂಡ. ಆ ತಡೆಯುವಿಕೆಯಲ್ಲೇ ಗುಟ್ಟಿತ್ತು. ಹಲವು ಸಲ ತಪ್ಪಿದ ಮೇಲೆ ದಾರ ಬಿಚ್ಚಿಕೊಂಡು ಹೋಗಿ, ನೊಣ ಬಿರುಸು ನೀರಿನ ತಲೆಯಲ್ಲಿ ಹಗುರವಾಗಿ ಕೂತು, ಕಲ್ಲನ್ನು ಬಳಸಿ ತೇಲಿಬಂತು. ನೀರಿನಡಿಯಿಂದ ಒಂದು ಬೂದು ನೆರಳು ಎದ್ದಿತು. ಸಣ್ಣ ಬಾಯಿ ತೆರೆದು ಮುಚ್ಚಿತು. ನೊಣ ಕಾಣಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು. ಗಂಗೊಳ್ಳಿಯ ಅಳಿವೆಯಲ್ಲಿ ಮೀನು ಗಾಳ ಕಚ್ಚಿದ ಕ್ಷಣಕ್ಕೆ ಮೊಣಕೈಯಿಂದ ಜಗ್ಗಿ ಎಳೆಯದವನನ್ನು ಯಾರೂ ದೋಣಿಗೆ ಹತ್ತಿಸುತ್ತಿರಲಿಲ್ಲ. ಗೇಬ್ರಿಯಲ್‌ನ ಕೈ ಅವನನ್ನು ಕೇಳದೆಯೇ ಜಗ್ಗಿತು. ಕೂದಲೆಳೆ ಟಪ್ಪೆಂದಿತು. ನೆರಳು ಕಲ್ಲಿನಡಿಗೆ ಹೋಯಿತು.

ಅರ್ಶದ್ ನಗುತ್ತ ಎದ್ದ. “ಎಂತ ಪೊರ್ಬುಗಳೇ, ಕಡಲಿನ ಕೊಡ್ಡಾಯಿ ಮೀನು ಅಂತ ಎಣಿಸಿದ್ರಾ?” ಗೇಬ್ರಿಯಲ್‌ನ ಮುಖ ಕಂಡು ನಗು ನಿಲ್ಲಿಸಿದ. “ಕೊಕ್ಕೆ ಅದರ ಬಾಯಲ್ಲೇ ಉಳಿಯಿತಾ?”

“ಮುಳ್ಳಿಲ್ಲದ ಕೊಕ್ಕೆ. ತನ್ನಷ್ಟಕ್ಕೇ ಬೀಳ್ತದೆ.”

“ಮತ್ತೆ ಬರ್ತದಾ?”

“ಗೊತ್ತಿಲ್ಲ.”

ಹೊತ್ತು ಜೆಬೆಲ್ ಹಫೀತ್ ಬೆಟ್ಟದ ಹಿಂದೆ ಇಳಿಯುತ್ತಿತ್ತು. ಟ್ಯಾಂಕಿನೊಳಗೆ ಟ್ರೌಟ್‌ಗಳು ಗೋಡೆಗೆ ಬಡಿಯುವ ಸದ್ದು ಕೇಳಿಸಿತು. ಅರ್ಶದ್ ಲಾರಿಯ ಬಾಗಿಲು ತೆರೆದು ನಿಂತ. ಹೊರಡಲೂ ಇಲ್ಲ, ಕುಳಿತುಕೊಳ್ಳಲೂ ಇಲ್ಲ.

“ಒಂದಕ್ಕೆ ನಿಂತ್ರೆ ಇವೆಲ್ಲ ಹೋಗ್ತವೆ,” ಎಂದ ಮೆಲ್ಲಗೆ. “ನೀವೇ ಹೇಳಿ. ನಿಲ್ಲು ಅಂದ್ರೆ ನಿಲ್ತೇನೆ.”

ಅದು ನ್ಯಾಯವಾದ ಮಾತು. ಆದುದರಿಂದಲೇ ಕಷ್ಟದ ಮಾತು. ಗೇಬ್ರಿಯಲ್ ನೀರಿನಲ್ಲೇ ನಿಂತು, “ಹೋಗು ಮಾರಾಯ. ಗುಂಡಿ ಕಂಡಲ್ಲಿ ನಿಧಾನ,” ಎಂದ. ಲಾರಿ ಧೂಳೆಬ್ಬಿಸುತ್ತ ಗೇಟು ದಾಟಿತು.

ಆಮೇಲೆ ಉಳಿದದ್ದು ನೀರಿನ ಸದ್ದು, ಅದರಡಿಯಲ್ಲಿ ಚಿಲ್ಲರಿನ ಗುಂಯ್ಗುಡುವಿಕೆ. ಇನ್ನು ಹಿಡಿದು ಮಾಡುವುದೇನು ಎಂದು ಕೇಳಿಕೊಳ್ಳಬಹುದಿತ್ತು, ಗೇಬ್ರಿಯಲ್ ಕೇಳಿಕೊಳ್ಳಲಿಲ್ಲ. ದಡಕ್ಕೆ ಬಂದು, ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿ, ಆಕಾಶದ ಉಳಿದ ಬೆಳಕಿಗೆ ಹಿಡಿದು ಇನ್ನೊಂದು ನೊಣ ಕಟ್ಟಿದ. ಬೀಸಲಿಲ್ಲ. ಹೆದರಿದ ಮೀನಿಗೆ ಮರೆಯಲು ಹೊತ್ತು ಬೇಕು. ದೂರದ ಮಸೀದಿಯಿಂದ ಮಗ್ರಿಬ್‌ನ ಬಾಂಗು ತೆಳ್ಳಗೆ ಬಂದು ನಿಂತುಹೋಯಿತು. ಹುಲ್ಲಿನಿಂದೆದ್ದ ಸೊಳ್ಳೆಯಂಥ ಹುಳುಗಳು ನೀರಿನ ಮೇಲೆ ಸುತ್ತತೊಡಗಿದವು. ಕಲ್ಲಿನ ಪಕ್ಕದಲ್ಲಿ ಒಂದು ಉಂಗುರ ಮೂಡಿ ಅಗಲವಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಗೇಬ್ರಿಯಲ್ ನಿಂತಲ್ಲಿಂದಲೇ ಬೀಸಿದ. ನೊಣ ಎಲ್ಲಿ ಬಿತ್ತೆಂಬುದು ಕತ್ತಲಲ್ಲಿ ತಿಳಿಯಲಿಲ್ಲ. ಅಲ್ಲಿರಬೇಕೆಂದು ಅಂದಾಜು ಮಾಡಿದ ಕಡೆ ಉಂಗುರ ಮೂಡಿತು. ಮೊಣಕೈ ಜಗ್ಗಲು ಹೊರಟಿತು. ಅದನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನಷ್ಟೇ ಮೇಲೆತ್ತಿದ. ಕೋಲು ಬಾಗಿತು. ತುದಿಯಲ್ಲಿ ಒಂದು ಜೀವ ಅಡ್ಡಡ್ಡವಾಗಿ ತಲೆಯಾಡಿಸುತ್ತಿತ್ತು.

ಎಳೆಯಲಿಲ್ಲ. ಅದು ಹೋದಷ್ಟು ಹೋಗಲು ಬಿಟ್ಟ, ನಿಂತಾಗ ತಾನು ಒಂದು ಹೆಜ್ಜೆ ಹತ್ತಿರ ಹೋದ. ಕೊನೆಗೆ, ದಡದಲ್ಲಿ ತಂದಿಟ್ಟಿದ್ದ ಐಸಿನ ಪೆಟ್ಟಿಗೆಯನ್ನು ನೀರಿನಲ್ಲಿ ಮುಳುಗಿಸಿ ಹಿಡಿದು, ಮೀನನ್ನು ಮುಟ್ಟದೆ ಅದರೊಳಕ್ಕೆ ತೇಲಿಸಿದ. ಕೊಕ್ಕೆ ತಾನಾಗಿಯೇ ಕಳಚಿತು. ಹಾಯಿ ಒಮ್ಮೆ ಬಿಚ್ಚಿಕೊಂಡು ಮಡಚಿತು.

ಪೆಟ್ಟಿಗೆಯನ್ನು ದಡಕ್ಕೆ ತಂದ ಮೇಲೆಯೇ ಅವನಿಗೆ ಲಾರಿ ಹೋಗಿದೆ ಎಂಬುದು ಪೂರ್ತಿಯಾಗಿ ಅರ್ಥವಾದದ್ದು. ಒದ್ದೆ ಕೈಯಲ್ಲೇ ಫೋನು ಮಾಡಿದ.

“ಎಲ್ಲಿ ಮುಟ್ಟಿದಿ?”

“ಎಲ್ಲಿಗೂ ಇಲ್ಲ. ಹೈವೇ ಹತ್ತುವಲ್ಲಿ ಪೆಟ್ರೋಲ್ ಪಂಪು ಉಂಟಲ್ಲ, ಅದರ ಮಸೀದಿಯಲ್ಲಿ. ಯಾಕೆ, ಬಂತಾ?”

“ಬಂತು.”

“ಸುಳ್ಳು!”

“ಪೆಟ್ಟಿಗೆಯಲ್ಲಿ ಉಂಟು. ಪ್ರಯಾಣದಲ್ಲಿ ನಮಾಜು ಮುಂದೆ ಹಾಕಬಹುದು ಅಂತ ನೀನೇ ಹೇಳ್ತಿದ್ದಿ. ನಿಂತದ್ದು ಯಾಕೆ?”

“ಹಾಕಬಹುದು. ಹಾಕಲಿಲ್ಲ. ನನ್ನ ನಮಾಜಿನ ಲೆಕ್ಕ ನಿಮಗೆ ಯಾಕೆ ಪೊರ್ಬುಗಳೇ?” ಅರ್ಶದ್ ಗಂಟಲು ಸರಿಮಾಡಿಕೊಂಡ. “ಒಂದು ಸುಲೈಮಾನಿ ಚಹಾ ಹೇಳಿದ್ದೇನೆ. ಅದು ಮುಗಿಯುವುದರೊಳಗೆ ಬಂದ್ರೆ ಬಂದ್ರಿ. ಇಲ್ಲದಿದ್ರೆ ಮಾಫಿ, ನಾನಿಲ್ಲ. ಯಲ್ಲಾ!”

ಗೇಬ್ರಿಯಲ್ ತೋಟದ ಪಿಕಪ್ಪಿನಲ್ಲಿ, ಪಕ್ಕದ ಸೀಟಿಗೆ ಬೆಲ್ಟು ಬಿಗಿದು ಪೆಟ್ಟಿಗೆಯನ್ನು ಕೂರಿಸಿಕೊಂಡು ಹೊರಟ. ಅವಸರವಿತ್ತು, ಆದರೆ ನೀರು ಕುಲುಕುವಂತಿರಲಿಲ್ಲ. ಒಂದು ಕೈ ಸ್ಟಿಯರಿಂಗಿನ ಮೇಲೆ, ಒಂದು ಕೈ ಮುಚ್ಚಳದ ಮೇಲೆ. ಪ್ರತಿ ತಿರುವಿನಲ್ಲೂ ಒಳಗಿನಿಂದ ಒಂದು ಬಡಿತ ಕೇಳಿಸಿತು. ಕೇಳಿಸಿದಾಗಲೆಲ್ಲ ಅವನ ಉಸಿರು ಸಡಿಲವಾಯಿತು. ಕೊನೆಯ ತಿರುವಿನಲ್ಲಿ ಕೇಳಿಸಲಿಲ್ಲ. ಅಲ್ಲಿಂದ ಪಂಪಿನ ದೀಪದವರೆಗಿನ ರಸ್ತೆ ಬಹಳ ಉದ್ದವಾಯಿತು.

ಅರ್ಶದ್ ಟ್ಯಾಂಕಿನ ಬಾಯಿ ತೆರೆದೇ ನಿಂತಿದ್ದ. ಚಹಾದ ಲೋಟ ಲಾರಿಯ ಬಂಪರಿನ ಮೇಲೆ ತುಂಬಿದ ಹಾಗೆಯೇ ಇತ್ತು. ಇಬ್ಬರೂ ಪೆಟ್ಟಿಗೆ ಎತ್ತಿ ಮುಚ್ಚಳ ತೆಗೆದರು. ಮೀನು ತಳದಲ್ಲಿ ನೆಟ್ಟಗೆ ನಿಂತು ಕಿವಿರಾಡಿಸುತ್ತಿತ್ತು. ಅರ್ಶದ್ ಫೋನಿನ ಬೆಳಕು ಬಿಟ್ಟು ಬಗ್ಗಿದ.

“ಇದಕ್ಕಾ ಇಷ್ಟೆಲ್ಲ?”

“ಇದಕ್ಕೇ.”

“ನಮ್ಮ ಊರಲ್ಲಿ ಇದಕ್ಕೆ ಬೆಕ್ಕೂ ಏಳ್ಲಿಕ್ಕಿಲ್ಲ,” ಎಂದ ಅರ್ಶದ್. ಆದರೆ ನೀರಿನ ಸಮೇತ ಅದನ್ನು ಟ್ಯಾಂಕಿಗೆ ಇಳಿಸುವಾಗ ಅವನ ಕೈ, ಮಗುವಿನ ತಲೆಗೆ ನೀರು ಹೊಯ್ಯುವ ಕೈಯಷ್ಟು ನಿಧಾನವಾಗಿತ್ತು. ಮುಚ್ಚಳ ಬಿಗಿದ ಮೇಲೆ ಕೇಳಿದ: “ನೀವೂ ಬನ್ನಿ ನನ್ನೊಟ್ಟಿಗೆ. ಅಲ್ಲಿ ಒಬ್ಬರೇ ಎಂತ ಮಾಡ್ತೀರಿ?”

“ಬೀಗದ ಕೈ ನನ್ನ ಹತ್ರ ಉಂಟು.”

“ಊಟ?”

“ಉಂಟು.”

ಅರ್ಶದ್ ಚಹಾ ಎತ್ತಿ ಒಂದೇ ಗುಟುಕಿಗೆ ಮುಗಿಸಿ, ಮುಖ ಕಿವಿಚಿ, ಲಾರಿ ಹತ್ತಿದ. ಕೆಂಪು ದೀಪಗಳು ದುಬೈ ರಸ್ತೆಯ ಉಳಿದ ಕೆಂಪು ದೀಪಗಳೊಳಗೆ ಬೆರೆತವು. ಯಾವುದು ಅವನದೆಂದು ಗುರುತಿಸಲಾಗದಷ್ಟು ದೂರ ಹೋಗುವವರೆಗೆ ಗೇಬ್ರಿಯಲ್ ನೋಡಿದ.

ತೋಟಕ್ಕೆ ಮರಳಿದಾಗ ಹೊಳೆ ಹರಿಯುತ್ತಲೇ ಇತ್ತು. ಅಭ್ಯಾಸಬಲದಿಂದ ಕಾಲು ಬಿರುಸು ನೀರಿನ ಬಳಿಗೆ ನಡೆಯಿತು. ಉಂಗುರಗಳಿರಲಿಲ್ಲ, ಹುಳುಗಳು ನಿರ್ಭಯವಾಗಿ ನೀರಿನ ಮೇಲೆ ಕೂತು ಏಳುತ್ತಿದ್ದವು. ಅವನು ಬಯಸಿದ್ದು ಇದೇ. ಬೇರೆ ಏನೂ ಆಗಬಾರದಿತ್ತು. ಆದರೂ ಆ ಖಾಲಿ ನೀರನ್ನು ನೋಡಲು ಇಂಥ ಶಕ್ತಿ ಬೇಕಾದೀತೆಂದು ಅವನು ಎಣಿಸಿರಲಿಲ್ಲ.

ಯಂತ್ರದ ಕೋಣೆಗೆ ಹೋದ. ಆಜ್ಞೆ ಇದ್ದದ್ದು ಬೆಳಿಗ್ಗೆಗೆ. ಬೇರೆಯವರು ಬಂದು ಆರಿಸುವುದು ಬೇಡವೆಂದು ತೋರಿ, ಮೊದಲು ಚಿಲ್ಲರನ್ನೂ ಆಮೇಲೆ ಪಂಪನ್ನೂ ತಾನೇ ಆರಿಸಿದ. ಮೇಲಿನ ನೀರು ಸ್ವಲ್ಪ ಹೊತ್ತು ಕಲ್ಲುಗಳ ನಡುವೆ ಇಳಿಯಿತು, ಹನಿಯಿತು, ನಿಂತಿತು. ಅಷ್ಟು ವರ್ಷ ಆ ಸದ್ದಿನಡಿಯಲ್ಲಿ ಮುಚ್ಚಿಹೋಗಿದ್ದ ಮರಳುಗಾಡಿನ ಮೌನ ದಡದವರೆಗೂ ಬಂತು.

ಅವನು ಕುಕ್ಕರಗಾಲಲ್ಲಿ ಕುಳಿತು ಕೊಳಕ್ಕೆ ಕೈ ಅದ್ದಿದ. ನೀರು ಇನ್ನೂ ತಣ್ಣಗೆ ಕೊರೆಯುತ್ತಿತ್ತು. ಆ ತಂಪು ಈಗ ಯಾರಿಗೂ ಬೇಕಾಗಿರಲಿಲ್ಲ. ಆದರೂ ಅವನು ಕೈಯನ್ನು ಬೇಗನೆ ಹೊರಗೆ ತೆಗೆಯಲಿಲ್ಲ.