ಡಬ್ಬಿ ಬಿಚ್ಚೋ ಬಳಗದ ಹೊಸಬಳು

ಹೆಮ್ಮರಗಾಲದ ಮಂಚಮ್ಮ ಕಂಪ್ಯೂಟರ್ ಗುಂಪಿಗೆ ಸೇರಿಕೊಂಡೆ ಎಂದಾಗ, ಅವಳ ಗಂಡ ಚನ್ನಯ್ಯ ಬಾಯಲ್ಲಿದ್ದ ಎಲೆಅಡಿಕೆ ಉಗಿಯಲು ಎದ್ದವನು ಅದನ್ನು ನುಂಗಿಯೇಬಿಟ್ಟ.

"ಐವತ್ತೆರಡಕ್ಕೆ ಇದೊಂದು ಬಾಕಿ ಇತ್ತಾ ನಿಂಗೆ? ಆ ಡಬ್ಬ ಅನ್ನ ಬೇಯುಸ್ತದಾ?"

"ಅನ್ನ ಬೇಯ್ಸಕೆ ನಾನಿಲ್ವಾ? ಅದು ಬ್ಯಾರೆ ಏನಾರ ಮಾಡ್ಕಳ್ಲಿ ಬುಡು."

ಬೇರೆ ಏನು ಎಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ಮಂಚಮ್ಮ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಆ ಬೀದಿ ಈ ಬೀದಿ ಎನ್ನದೆ ಊರಿನ ಮಕ್ಕಳೆಲ್ಲ ಹದಿನಾಲ್ಕು ವರ್ಷದಿಂದ ಅವಳ ಕೈಯ ಸಾರು ಸುರಿದುಕೊಂಡು ಬೆಳೆದವರು. ಅಡುಗೆಕೋಣೆಯ ಪಕ್ಕದಲ್ಲೇ ಕಂಪ್ಯೂಟರ್ ರೂಮು. ವರ್ಷಕ್ಕೊಂದು ಸಲ ಮೈಸೂರಿನಿಂದ ಒಬ್ಬ ರಿಪೇರಿಯವನು ಬಂದು, ಏನೋ ಮಹಾ ಆಪರೇಷನ್ ಮಾಡುವವನಂತೆ ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದ. ಟೀ ಕೊಡುವ ನೆಪದಲ್ಲಿ ಮಂಚಮ್ಮ ನಿಂತು ನೋಡಿದಳು. ಅವನು ಮಾಡುತ್ತಿದ್ದುದು ಇಷ್ಟೇ. ಡಬ್ಬಿ ಬಿಚ್ಚುವುದು, ರ‍್ಯಾಮ್ ಎಂಬ ಹಸಿರು ಪಟ್ಟಿಯನ್ನು ಕೀಳುವುದು, ಅದರ ಹಳದಿ ಹಲ್ಲುಗಳನ್ನು ಮಕ್ಕಳು ಬಳಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು. ಅಷ್ಟಕ್ಕೇ ಹೆಡ್‌ಮಾಸ್ತರು ಅವನಿಗೆ ಕುರ್ಚಿ ಹಾಕಿ, ಬಾಳೆಹಣ್ಣು ಕೊಟ್ಟು, ಗೇಟಿನವರೆಗೂ ಹೋಗಿ ಬೀಳ್ಕೊಡುತ್ತಿದ್ದರು.

ಶಾಲೆಯವರು ನಾಲ್ಕು ಹಳೇ ಕಂಪ್ಯೂಟರುಗಳನ್ನು ಗುಜರಿಗೆ ಹಾಕಿದಾಗ ಮಂಚಮ್ಮ ಅವನ್ನು ಎತ್ತಿಕೊಂಡು ಬಂದಳು. ಮೂರು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿ, ಕೈ ಕುಯ್ದುಕೊಂಡು, ಎರಡು ಸಲ ಮನೆಯ ಫ್ಯೂಸ್ ಹಾರಿಸಿ, ನಾಲ್ಕು ಹೆಣಗಳಿಂದ ಒಂದು ಜೀವ ಎಬ್ಬಿಸಿದಳು. ಪರದೆ ನೀಲಿಯಾಗಿ ಹತ್ತಿಕೊಂಡ ದಿನ ಒಬ್ಬಳೇ ಕುಳಿತು ಚಪ್ಪಾಳೆ ತಟ್ಟಿದಳು. ಚನ್ನಯ್ಯ ಬಂದು, ನೋಡಿ, "ಕರೆಂಟ್ ಬಿಲ್ಲು" ಎಂದು ಹೋದ. ಇದರ ಬೆಲೆ ಗೊತ್ತಿರುವ ಒಬ್ಬರಾದರೂ ನೋಡಲಿ ಎಂಬ ಆಸೆ ಅವಳಿಗೆ ಹುಟ್ಟಿದ್ದು ಆವತ್ತೇ.

ಹಾಗೆ ಸಿಕ್ಕಿದ್ದು 'ಡಬ್ಬಿ ಬಿಚ್ಚೋ ಬಳಗ'. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕಿನ ಮನೆ ಕಂಪ್ಯೂಟರ್ ಹುಚ್ಚರ ವಾಟ್ಸಾಪ್ ಗುಂಪು. ಅಡ್ಮಿನ್ ನಂಜುಂಡೇಶ್‌ಗೆ ನರಸೀಪುರದಲ್ಲಿ ಬೀಜ-ಗೊಬ್ಬರದ ಅಂಗಡಿ. ಅಂಗಡಿಯಲ್ಲಿ ಹೆಂಡತಿಯ ಮಾತೇ ನಡೆಯುತ್ತಿದ್ದುದರಿಂದ ಗುಂಪಿನಲ್ಲಿ ಸಂವಿಧಾನ ಬರೆದಿದ್ದ. ಹೊಸಬರು ಪ್ರಶ್ನೆ ಕೇಳಬಹುದು, ಉತ್ತರ ಹೇಳುವಂತಿಲ್ಲ. ಹಳಬರು ಒಂದು ಭಾನುವಾರ ಹೊಸಬರ ಮನೆಗೆ ಹೋಗಿ, ಡಬ್ಬಿ ಬಿಚ್ಚಿ ನೋಡಿ, ತಿಂಡಿ ತಿಂದು, ಗುಂಪಿನಲ್ಲಿ ಹಾಗೆಂದು ಬರೆಯಬೇಕು. ಒಬ್ಬ ಹಳಬ ಹೋದರೂ ಸಾಕು. ಅಲ್ಲಿಂದಾಚೆ ಹೊಸಬನೂ ಹಳಬ, ಬಾಯಿ ತೆರೆಯಲು ಅಡ್ಡಿಯಿಲ್ಲ.

ಮಂಚಮ್ಮನಿಗೆ ಟೈಪ್ ಮಾಡುವುದು ನಿಧಾನ. ಮೈಕು ಒತ್ತಿ ಮಾತಾಡಿದಳು. "ನಮಸ್ಕಾರ. ನಾನು ಮಂಚಮ್ಮ, ಎಮ್ಮರಗಾಲ. ನಾಕು ಡಬ್ಬ ಸೇರ್ಸಿ ಒಂದ್ ಡಬ್ಬ ಮಾಡಿವ್ನಿ. ನೋಡಕೆ ಬನ್ನಿ." ಜೊತೆಗೊಂದು ಫೋಟೋ. ಡಬ್ಬಿಯ ಪಕ್ಕದ ತಗಡು ಕಳೆದುಹೋಗಿದ್ದರಿಂದ ಹಲ್ಲಿ ಹೋಗದಿರಲಿ ಎಂದು ಹಳೇ ಸೊಳ್ಳೆಪರದೆ ಕಟ್ಟಿದ್ದಳು. ಗುಂಪು ಕುಣಿದಾಡಿಬಿಟ್ಟಿತು. 'ಸೂಪರ್ ಅಮ್ಮ', 'ಪರದೆ ಐಡಿಯಾ ಬೆಂಕಿ' ಎಂದೆಲ್ಲ ಬಂತು. ಭಾನುವಾರದ ಭೇಟಿಗೆ ಹನ್ನೊಂದು ಹೆಬ್ಬೆರಳು ಎದ್ದವು. 'ಲೊಕೇಶನ್ ಕಳಿಸಿ' ಎಂದ ನಂಜುಂಡೇಶ್. ಕಳಿಸಿದಳು. ಹೆಮ್ಮರಗಾಲ, ಅಂಬೇಡ್ಕರ್ ಬೀದಿ.

ಅಲ್ಲಿಗೆ ಗುಂಪು ತಣ್ಣಗಾಯಿತು.

ಆಮೇಲೆ ಒಂದೊಂದಾಗಿ ಶುರುವಾಯಿತು ನೋಡಿ. ಒಬ್ಬನ ಅತ್ತೆಗೆ ಕಾಲು ಉಳುಕಿತು. ಒಬ್ಬನಿಗೆ ಮನೆದೇವರ ಹರಕೆ ನೆನಪಾಯಿತು. ಇಬ್ಬರಿಗೆ ತಿಂಡಿ ತಿನ್ನುವ ಮುಂಚೆಯೇ ಹೊಟ್ಟೆ ಕೆಟ್ಟಿತು. ಮಂಚಮ್ಮ ಇದನ್ನೆಲ್ಲ ನಿಜವೆಂದೇ ನಂಬಿ, ಉಳಿದವರಾದರೂ ಬರುತ್ತಾರೆಂದು ಬೀದಿಯ ಮಹಿಳಾ ಸಂಘದಿಂದ ಹನ್ನೆರಡು ಕುರ್ಚಿ ತಂದು, ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕಿ, ಹತ್ತು ಗಂಟೆಯಿಂದ ಬಾಗಿಲಲ್ಲಿ ನಿಂತಳು. ಹನ್ನೆರಡೂವರೆಗೆ ಚನ್ನಯ್ಯ, "ಲೇ, ಅವ್ರಿಗೆ ದಾರಿ ತಪ್ಪಿಲ್ಲ ಕಣೇ. ದಾರಿ ಗೊತ್ತಾಗೇ ಬಂದಿಲ್ಲ" ಎಂದ. ಮಂಚಮ್ಮನಿಗೆ ಅಳು ಬಂತು. ಇಂಥವರಿಗಾಗಿ ಅಳು ಬಂತಲ್ಲ ಎಂದು ಸಿಟ್ಟೂ ಬಂತು. ಉಪ್ಪಿಟ್ಟನ್ನು ಬೀದಿಯವರು ಮುಗಿಸಿದರು.

ಮರುತಿಂಗಳು ಸುತ್ತೂರಿನಲ್ಲಿ, ಅವಳಿಗಿಂತ ಆಮೇಲೆ ಸೇರಿದವನೊಬ್ಬನ ಮನೆಗೆ ಹದಿನೇಳು ಜನ ಹೋಗಿ ಕೇಸರಿಬಾತಿನ ಜೊತೆ ಫೋಟೋ ಹಾಕಿಕೊಂಡರು. ಮಂಚಮ್ಮನಿಗೆ ಬಂದಿದ್ದು 'ಅನಿವಾರ್ಯ ಕಾರಣಗಳಿಂದ ಭೇಟಿ ಮುಂದೂಡಲಾಗಿದೆ' ಎಂಬ ಒಂದು ಸಾಲು, ಮುಗಿದ ಎರಡು ಕೈಗಳ ಚಿತ್ರ. ಆ ಕೈಗಳನ್ನು ನೋಡಿ ಅವಳ ಮೈ ಉರಿದುಹೋಯಿತು. ಗುಂಪು ಬಿಟ್ಟುಬಿಡು ಎಂದ ಚನ್ನಯ್ಯ. "ನಾನ್ಯಾಕ್ ಬುಡ್ಲಿ? ನಾನೂ ಡಬ್ಬಿ ಬಿಚ್ಚಿಲ್ವಾ? ಒಂದಿನ ನಾನೂ ಅಲ್ಲಿ ಉತ್ರ ಏಳ್ತೀನಿ, ಅವ್ರು ಕೇಳ್ಕಳ್ತಾರೆ" ಎಂದಳು.

ಅಷ್ಟರಲ್ಲಿ ಬಿಳಿಗೆರೆಯ ಬೆಟ್ಟಸ್ವಾಮಿಯ ಕಂಪ್ಯೂಟರ್ ಕೆಟ್ಟಿತು. ಬಾಳೆಮಂಡಿ ನಡೆಸುವ ಬೆಟ್ಟಸ್ವಾಮಿ ಗುಂಪಿನ ಹಿರೀತಲೆ. ಅಕ್ಕನ ಮಗಳ ಮದುವೆ ವಿಡಿಯೋ ಪೂರ್ತಿ ಅದರಲ್ಲೇ ಇತ್ತು, ಅದನ್ನು ನೋಡಲು ಬೀಗರು ಬರುವವರಿದ್ದರು. ಡಬ್ಬಿ ಮಾತ್ರ ಪರದೆ ತೋರಿಸದೆ ಕೂಂಯ್ ಕೂಂಯ್ ಎಂದು ಕೂಗುತ್ತಿತ್ತು. ಆ ಕೂಗನ್ನು ಮಂಚಮ್ಮ ಶಾಲೆಯಲ್ಲಿ ಎಷ್ಟು ಸಲ ಕೇಳಿದ್ದಳೋ! 'ರ‍್ಯಾಮ್ ಕಿತ್ತು ರಬ್ಬರಲ್ಲಿ ಉಜ್ಜಿ' ಎಂದು ಕಷ್ಟಪಟ್ಟು ಟೈಪ್ ಮಾಡಿ ಹಾಕಿದಳು. ಒಂದೇ ನಿಮಿಷಕ್ಕೆ ನಂಜುಂಡೇಶ್ ಅದನ್ನು ಅಳಿಸಿ, 'ಹೊಸಬರು ಉತ್ತರಿಸುವಂತಿಲ್ಲ' ಎಂದು ಬರೆದ.

ಹಳಬರು ನಾಲ್ಕು ದಿನ ಚರ್ಚೆ ಮಾಡಿದರು. ಒಬ್ಬ ವಿಂಡೋಸ್ ಹೊಸದಾಗಿ ಹಾಕಿ ಎಂದ, ಪರದೆಯೇ ಹತ್ತದ ಕಂಪ್ಯೂಟರಿಗೆ! ಇನ್ನೊಬ್ಬ ಡಬ್ಬಿಯ ದಿಕ್ಕು ಬದಲಾಯಿಸಿ ಎಂದ. ಕೊನೆಗೆ ಮದರ್‌ಬೋರ್ಡು ಸತ್ತಿದೆ ಎಂದು ತೀರ್ಮಾನಿಸಿ ಎಲ್ಲರೂ ಸಂತಾಪ ಹೇಳಿದರು. ಮಂಚಮ್ಮ ತಡೆಯಲಾರದೆ ಬೆಟ್ಟಸ್ವಾಮಿಗೆ ನೇರವಾಗಿ ಫೋನ್ ಮಾಡಿದಳು.

"ನಾನೇ ಬತ್ತೀನಿ ಸಾ. ಬರೀ ರಬ್ಬರ್ ಸಾಕು."

ಮುಳುಗುತ್ತಿದ್ದ ಬೆಟ್ಟಸ್ವಾಮಿ ಹೂಂ ಎಂದ.

ನಂಜನಗೂಡಿಗೆ ಒಂದು ಬಸ್ಸು, ಅಲ್ಲಿಂದ ಬಿಳಿಗೆರೆಗೆ ಇನ್ನೊಂದು. ಅವಳು ಹೋಗುವಷ್ಟರಲ್ಲಿ ಡಬ್ಬಿ, ಪರದೆ, ವೈರು ಎಲ್ಲವೂ ಹೊರಗೆ ಜಗಲಿಯ ಮೇಲೆ ಬಂದು ಕುಳಿತಿದ್ದವು.

"ಯಾಕ್ ಸಾ, ಒಳಗೆ ಟೇಬಲ್ ಇಲ್ವಾ?"

"ಒಳಗೆ ಸೆಕೆ ಕಣಮ್ಮ. ಇಲ್ಲೇ ಗಾಳಿ ಚೆನ್ನಾಗದೆ" ಎಂದ ಬೆಟ್ಟಸ್ವಾಮಿ. ಮಾಗಿಯ ಬೆಳಿಗ್ಗೆ, ಅವನ ಮೈಮೇಲೆ ಸ್ವೆಟರು ಬೇರೆ ಇತ್ತು.

ಮಂಚಮ್ಮ ಡಬ್ಬಿ ಬಿಚ್ಚಿದಳು, ಪಟ್ಟಿ ಕಿತ್ತಳು, ಉಜ್ಜಿದಳು, ಒತ್ತಿ ಕೂರಿಸಿದಳು. ಸ್ವಿಚ್ಚು ಹಾಕಿದರೆ ಪರದೆ ಹತ್ತಿಕೊಂಡಿತು. ವಿಡಿಯೋ ಹಾಕಿದರೆ ಮದುವೆಯ ವಾಲಗ ಬೀದಿಗೆಲ್ಲ ಕೇಳಿಸಿತು. ಬೆಟ್ಟಸ್ವಾಮಿ ಖುಷಿಗೆ, "ಅಬ್ಬಬ್ಬಾ, ಗಟ್ಟಿಗಿತ್ತಿ ಕಣಮ್ಮ ನೀನು!" ಎಂದು ಕೂಗಿದ. ಗುಂಪಿನಲ್ಲಿ 'ನೀವು' ಆಗಿದ್ದವಳು ಜಗಲಿಯಲ್ಲಿ 'ನೀನು' ಆಗಿದ್ದಳು. ಅವನ ತಾಯಿ ರುದ್ರಮ್ಮ ಮಗನಿಗೆ ಸ್ಟೀಲ್ ಲೋಟದಲ್ಲಿ ಕಾಫಿ ತಂದಳು, ಮಂಚಮ್ಮನಿಗೆ ಪೇಪರ್ ಲೋಟದಲ್ಲಿ. ಮಂಚಮ್ಮ ಅದನ್ನು ಕುಡಿಯದೆ ಪಕ್ಕಕ್ಕಿಟ್ಟಳು.

"ಎಷ್ಟು ಕೊಡ್ಲಮ್ಮ?" ಎಂದ ಬೆಟ್ಟಸ್ವಾಮಿ.

"ದುಡ್ಡು ಬ್ಯಾಡಿ. ಮುಯ್ಯಾಳು ಲೆಕ್ಕ. ನಾ ನಿಮ್ಮನೆ ಕೆಲ್ಸಕ್ಕೆ ಬಂದೆ, ನೀವು ನಮ್ಮನೆಗೆ ಬನ್ನಿ. ಬರೋ ಭಾನ್ವಾರ, ತಿಂಡಿಗೆ."

"ಆಗ್ಲಿ, ನೋಡಾಣ."

ಆ 'ನೋಡಾಣ'ದ ಅರ್ಥ ಮಂಚಮ್ಮನಿಗೆ ಹುಟ್ಟಿದಾಗಿನಿಂದ ಗೊತ್ತು. ಸ್ವಿಚ್ಚು ಆರಿಸಿದಳು. ಪಟ್ಟಿಯನ್ನು ಮತ್ತೆ ಕಿತ್ತು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು.

"ಏಯ್, ಏನಮ್ಮ ಮಾಡ್ತಿದ್ದೀ?"

"ಇದು ನಮ್ಮನೇಲಿ ಜೋಪಾನವಾಗಿರ್ತದೆ. ಬಂದು ಉಪ್ಪಿಟ್ಟು ತಿಂದು ತಕ್ಕೊಂಡೋಗಿ."

ಕಸಿದುಕೊಳ್ಳೋಣವೆಂದರೆ ನಡುಬೀದಿಯಲ್ಲಿ ಹೆಂಗಸಿನ ಸೆರಗಿಗೆ ಕೈ ಹಾಕಬೇಕು. ಅದೂ ಆ ಮನೆಯವರ ಲೆಕ್ಕದಲ್ಲಿ ಮುಟ್ಟಲೇಬಾರದ ಸೆರಗು. ಬೆಟ್ಟಸ್ವಾಮಿ ಜಗಲಿಯ ಮೇಲೆ ಎರಡು ಕೈಯನ್ನೂ ಗಾಳಿಯಲ್ಲಿ ಹಿಡಿದುಕೊಂಡು ನಿಂತ. ಮಂಚಮ್ಮ ಬಸ್ಸು ಹತ್ತಿದಳು. ಅಷ್ಟು ಹಳೇ ಪಟ್ಟಿ ಈಗ ಮೈಸೂರಿನ ಅಂಗಡಿಗಳಲ್ಲೂ ಸಿಗುವುದಿಲ್ಲ. ಬೀಗರು ಸೋಮವಾರ ಬರುವವರು.

ಭಾನುವಾರ ಬೆಟ್ಟಸ್ವಾಮಿ ಬಂದ. ಬೀದಿಯಲ್ಲಿ ಯಾರೂ ಗುರುತು ಹಿಡಿಯದಿರಲೆಂದು ಹೆಲ್ಮೆಟ್ ಹಾಕಿಕೊಂಡೇ ಸ್ಕೂಟರ್ ಇಳಿದು, ಹಾಕಿಕೊಂಡೇ ಮನೆಯೊಳಗೆ ನುಗ್ಗಿ, ಹಾಕಿಕೊಂಡೇ ಕುರ್ಚಿಯಲ್ಲಿ ಕುಳಿತ.

"ಎಲ್ಮೆಟ್ ತೆಗೀರಿ ಸಾ. ಉಪ್ಪಿಟ್ಟು ಗಾಜಿನ್ ಮ್ಯಾಲೆ ಬಿದ್ದಾತು" ಎಂದ ಚನ್ನಯ್ಯ.

ತೆಗೆದ. ಮೊದಲ ತುತ್ತನ್ನು ಔಷಧಿ ನುಂಗುವವನಂತೆ ನುಂಗಿದ. ಎರಡನೆಯದನ್ನು ಅಗಿದ. ಆಮೇಲೆ ಇನ್ನೊಂದು ಸಲ ಹಾಕಿಸಿಕೊಂಡ. ತಟ್ಟೆ ಹಿಡಿದುಕೊಂಡೇ ಸೊಳ್ಳೆಪರದೆ ಸರಿಸಿ ಡಬ್ಬಿಯೊಳಗೆ ಇಣುಕಿದ. ಅಷ್ಟೇ ಸಾಕಾಯಿತು, ಮನುಷ್ಯ ತನ್ನನ್ನೇ ಮರೆತ. "ಈ ಫ್ಯಾನು ಎಲ್ಲಿಂದ ತಂದೆ? ಈ ವೈರ್‌ನ ನೀನೇ ಬೆಸೆದ್ಯಾ? ಅಲ್ಲಾ, ಹಿಂಗೂ ಕೂಡುಸ್ಬೌದಾ!" ಒಂದು ಗಂಟೆ ಇಬ್ಬರೂ ಡಬ್ಬಿಯೊಳಗೆ ತಲೆ ತೂರಿಸಿ ಕುಳಿತಿದ್ದರು. ಮಂಚಮ್ಮ ಇಷ್ಟು ದಿನ ಕಾದಿದ್ದು ಆ ಒಂದು ಗಂಟೆಗೆ. ಅವಳ ಹೊಟ್ಟೆ ತಣ್ಣಗಾಯಿತು. ಫೋಟೋ ತೆಗೆಯಲು ಮೊಬೈಲ್ ಎತ್ತಿದಳು.

ಬೆಟ್ಟಸ್ವಾಮಿ ಮುಖಕ್ಕೆ ಕೈ ಅಡ್ಡ ಹಿಡಿದ. "ಫೋಟೋ ಬ್ಯಾಡಮ್ಮ. ಗುಂಪಲ್ಲೂ ಏನೂ ಬರೀಬ್ಯಾಡ. ನಮ್ಮವ್ವನ ಕಿವಿಗೆ ಬಿದ್ರೆ ಮನೇಲಿರಕಾಗಲ್ಲ. ನಾ ಬಂದೆ, ತಿಂದೆ, ನಿಂಗೂ ಸಮಾಧಾನ ಆಯ್ತಲ್ಲ?"

ಮಂಚಮ್ಮ ಮೊಬೈಲ್ ಕೆಳಗಿಟ್ಟಳು. ಒಳಗೆ ಹೋಗಿ ಅಕ್ಕಿ ಡಬ್ಬದಿಂದ ಪಟ್ಟಿಯನ್ನು ತಂದು ಅವನ ಕೈಗಿಟ್ಟಳು.

"ತಕ್ಕಳಿ. ನಾ ಕಳ್ಳಿ ಅಲ್ಲ. ಆದ್ರೆ ಒಂದ್ ಮಾತು. ನಮ್ಮನೆಗೆ ಇನ್ನೂ ಯಾರೂ ಬಂದಿಲ್ಲ."

ಬೆಟ್ಟಸ್ವಾಮಿ ಹೆಲ್ಮೆಟ್ ಹಾಕಿಕೊಂಡು ಹೋದ. ಮಂಚಮ್ಮ ಆ ಕುರ್ಚಿಯ ಮೇಲೆಯೇ ಕುಳಿತಳು. ಬರದಿದ್ದ ಹನ್ನೊಂದು ಜನಕ್ಕಿಂತ ಬಂದ ಈ ಒಬ್ಬ ಹೆಚ್ಚು ನೋಯಿಸಿದ್ದ.

ಮಧ್ಯಾಹ್ನ ಮೂರಕ್ಕೆ ಅವನ ಫೋನು. ಪಟ್ಟಿ ಹಾಕಿದ್ದಾನಂತೆ, ಡಬ್ಬಿ ಮತ್ತೆ ಕೂಗುತ್ತಿದೆಯಂತೆ.

"ಗುಂಪಲ್ಲಿ ಕೇಳಿ ಸಾ" ಎಂದಳು.

"ಅಲ್ಲಿ ಇರೋವ್ಕೆ ಏನ್ ಗೊತ್ತು, ಮಣ್ಣು! ನೀನೇ ಏಳಮ್ಮ."

"ನಾ ಏಳಂಗಿಲ್ಲ. ನಾನು ಹೊಸಬಳು."

"ಅಯ್ಯೋ, ಇದು ಫೋನಲ್ವಾ? ಇಲ್ಲಿ ಏಳು."

"ನಾ ಯಾಕ್ ಇನ್ನೂ ಹೊಸಬಳು ಸಾ? ಅದುನ್ನ ಒಸಿ ನೀವೇ ಏಳಿ."

ಮಂಚಮ್ಮ ಫೋನ್ ಇಟ್ಟಳು.

ಅವಳಿಗೆ ಉತ್ತರ ಗೊತ್ತಿತ್ತು. ಆದರೆ ಸಂಜೆಯೊಳಗೆ ಗುಂಪಿನ ಯಾವನೋ ಕತ್ತಲಲ್ಲಿ ಕಲ್ಲು ಹೊಡೆದಂತೆ ಅದನ್ನೇ ಹೇಳಿಬಿಟ್ಟರೆ? ಬೆಟ್ಟಸ್ವಾಮಿ ಕೇಳದೆಯೇ ಉಳಿದುಬಿಟ್ಟರೆ? ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಐದೂವರೆಗೆ ಗುಂಪಿನಲ್ಲಿ ಬಂತು.

'ಬಳಗದವರಿಗೆ ನಮಸ್ಕಾರ. ಇವತ್ತು ಬೆಳಿಗ್ಗೆ ಹೆಮ್ಮರಗಾಲದ ಅಂಬೇಡ್ಕರ್ ಬೀದಿಯಲ್ಲಿ ಮಂಚಮ್ಮನವರ ಮನೆಗೆ ಹೋಗಿ ಡಬ್ಬಿ ಬಿಚ್ಚಿ ನೋಡಿದೆ. ನಮ್ಮ ಯಾರ ಮನೆಯಲ್ಲೂ ಇಂಥ ಕೆಲಸ ಇಲ್ಲ. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡೆ. ನಿಯಮದ ಪ್ರಕಾರ ಅವರು ಇನ್ನು ಹೊಸಬರಲ್ಲ. ಮಂಚಮ್ಮನವರೇ, ಪಟ್ಟಿ ಹಾಕಿದರೂ ನನ್ನ ಡಬ್ಬಿ ಕೂಗುತ್ತಿದೆ. ಏನು ಮಾಡಲಿ, ನೀವೇ ಹೇಳಿ.'

ನಂಜುಂಡೇಶ್ ಟೈಪ್ ಮಾಡುತ್ತಿದ್ದಾನೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು, ಮತ್ತೆ ನಿಂತಿತು. ಮಂಚಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು ಮೈಕು ಒತ್ತಿದಳು.

"ಬೆಟ್ಟಸ್ವಾಮಣ್ಣ, ಪಟ್ಟಿ ಪೂರ್ತಿ ಕೂತಿಲ್ಲ. ಎಲ್ಡೂ ಕಡೆ ಕಟ್ ಅನ್ನಗಂಟ ಒತ್ತಿ. ಎದುರ್ಕೋಬ್ಯಾಡಿ, ಏನೂ ಮುರಿಯಾಕಿಲ್ಲ."

ಕಳಿಸಿ, ಮೊಬೈಲನ್ನು ಮೊಣಕಾಲ ಮೇಲಿಟ್ಟುಕೊಂಡು, ಅಳಿಸುತ್ತಾರೇನೋ ಎಂದು ನೋಡುತ್ತ ಕುಳಿತಳು. ಹತ್ತು ನಿಮಿಷ ಕಳೆಯಿತು. ಮೆಸೇಜು ಇದ್ದಲ್ಲೇ ಇತ್ತು.